ಆಲ್ಕೋಹಾಲ್ ಇಲ್ಲದ ವೈನ್ ಗರ್ಭಿಣಿಗೆ ಸರಿಯೇ?

ಪ್ರಶ್ನೆ: ಐದು ತಿಂಗಳ ಗರ್ಭಿಣಿ. ಪತಿ ಬೆಂಗಳೂರಿನಿಂದ ‘ನಾನ್ ಆಲ್ಕೋಹಾಲಿಕ್’ ವೈನ್ ತಂದಿದ್ದಾರೆ. ಕುಡಿಯಬಹುದೇ?
– ಓದುಗರು, ಕೊಟ್ಟೂರು

ಉತ್ತರ: ಬಾಟಲಿ ತೆರೆಯುವ ಮೊದಲು ಲೇಬಲ್ ಓದಿಯಮ್ಮ. ನಮ್ಮ ದೇಶದ ನಿಯಮದಂತೆ ಆಲ್ಕೋಹಾಲ್ ಶೇ 0.5 ದಾಟಿದರೆ ಮಾತ್ರ ಅದು ಮದ್ಯ. ಹಾಗಾಗಿ ಇಂಥ ವೈನ್‌ನಲ್ಲೂ ಅಷ್ಟರವರೆಗೆ ಇರಬಹುದು. ಗರ್ಭಿಣಿಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ. ಶೇ 0.0 ಎಂದು ಸ್ಪಷ್ಟವಾಗಿದ್ದರೆ ಅಪರೂಪಕ್ಕೆ ಒಂದು ಸಣ್ಣ ಲೋಟ, ಇಲ್ಲದಿದ್ದರೆ ಬೇಡ. ಸಕ್ಕರೆ ಎಷ್ಟಿದೆ ಎಂದೂ ನೋಡಿ. ನನ್ನನ್ನು ಕೇಳಿದರೆ, ತಾಜಾ ದಾಳಿಂಬೆಯೇ ಮೇಲು. ಮನೆಯಲ್ಲಿ ಹುಳಿಬರಿಸಿದ ದ್ರಾಕ್ಷಿ ವೈನ್ ಮಾತ್ರ ಖಂಡಿತ ಬೇಡ. ಅದರ ಆಲ್ಕೋಹಾಲ್ ಅಳೆದವರಿಲ್ಲ. ಈಗಾಗಲೇ ಕುಡಿದಿದ್ದರೆ ಗಾಬರಿಯಾಗದೆ ನಿಲ್ಲಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡಿನ ಜೊತೆ ಲೇಬಲ್ಲಿನ ಫೋಟೊವನ್ನೂ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಅಲ್ಲಿಯವರೆಗೆ ಕಾಯದೆ ಮೊದಲೇ ಕೇಳಿ.