ಅಜ್ಜನ ಯೆಜ್ಡಿ ಮತ್ತು ಅಂಜೂರದ ಮರ



ನಿಮ್ಮ ಮನೆಯ ಹಿತ್ತಲಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಹಳೆಯ ಮೋಟಾರ್ ಸೈಕಲ್ಲೊಂದು ಗೋಣಿಚೀಲ ಹೊದ್ದು ನಿಂತಿರಬಹುದು. ಅಪ್ಪನದೋ, ಅಜ್ಜನದೋ. ಸೀಟಿನೊಳಗೆ ಇಲಿ ಮರಿ ಹಾಕಿರುತ್ತದೆ, ಟ್ಯಾಂಕಿನ ಮೇಲೆ ಕೋಳಿ ಮಲಗುತ್ತದೆ. ಗುಜರಿಯವನು ಬಾಗಿಲಿಗೆ ಬಂದಾಗಲೆಲ್ಲ ಮನೆಯಲ್ಲಿ ಅದೇ ಚರ್ಚೆ: ಕೊಟ್ಟುಬಿಡೋಣವೇ, ಇರಲಿಯೇ? ಈ ವಾರ ಆ ಗಾಡಿಯ ಬಗ್ಗೆಯೇ ಮಾತನಾಡೋಣ. ಕುಟುಂಬದ ಪುಟದಲ್ಲಿ ಗ್ಯಾರೇಜಿನ ಮಾತೇಕೆ ಎಂದು ಹುಬ್ಬೇರಿಸಬೇಡಿ. ಯೇಸುಸ್ವಾಮಿ ಬೆಳೆದದ್ದು ಒಬ್ಬ ಬಡಗಿಯ ಮನೆಯಲ್ಲಿ. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಮಾಡಿದರು. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮನುಷ್ಯನ ದುಡಿಮೆಯ ಕುರಿತೇ ಒಂದು ವಿಶ್ವಪತ್ರ ಬರೆದರು. ಕೈಗೆ ಗ್ರೀಸ್ ಹತ್ತುವುದು ಧರ್ಮಸಭೆಗೆ ಹೊರಗಿನ ಸಂಗತಿಯಲ್ಲ.

ನಮ್ಮ ಮನೆಯಲ್ಲಿದ್ದದ್ದು ಯೆಜ್ಡಿ 250. ನನ್ನ ತಂದೆ ಉಪದೇಶಿಯಾಗಿದ್ದರು. ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ್ದ ಕ್ರೈಸ್ತ ಮನೆಗಳಿಗೆ ಜಪಸರ ಹೇಳಿಸಲು, ರೋಗಿಗಳನ್ನು ನೋಡಲು, ಕೆಲವೊಮ್ಮೆ ಗುರುಗಳನ್ನೇ ಹಿಂದೆ ಕೂಡ್ರಿಸಿಕೊಂಡು ಅದರ ಮೇಲೆ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅದು ನಿಂತೇ ಇತ್ತು.

ಈ ಗಾಡಿ ನಮ್ಮ ನಾಡಿನದೇ ಎಂಬುದು ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಜಾವಾ ಎಂಬುದು ಚೆಕೊಸ್ಲೊವಾಕಿಯಾದ ಕಂಪನಿ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಗಾಡಿಯ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಅವರ ಸಹಯೋಗದಲ್ಲಿ ರುಸ್ತುಮ್ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು, ಆದರೆ ಅವು ಬೇರೆ ಗಾಡಿಗಳು, ಮೈಸೂರಿನವಲ್ಲ. ಹಳೆಯದರಲ್ಲಿ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಕಡ್ಡಿ: ಒದ್ದು ಚಾಲೂ ಮಾಡಿ, ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್. ಹೊಸಬರಿಗೆ ಅದೊಂದು ಮಾಯೆ.

ಈಗ ಶುಭಸಂದೇಶಕ್ಕೆ ಬರೋಣ. ಸಂತ ಲೂಕರ ಹದಿಮೂರನೆಯ ಅಧ್ಯಾಯದಲ್ಲಿ ಹಣ್ಣು ಬಿಡದ ಅಂಜೂರದ ಮರದ ಸಾಮತಿ ಇದೆ. ಒಡೆಯ ಮೂರು ವರ್ಷ ಬಂದು ನೋಡಿ ಬೇಸತ್ತು ಕಡಿದುಹಾಕು ಎನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ. ಈ ಸಾಮತಿಯನ್ನು ನಾವು ಬರಿಯ ತಾಳ್ಮೆಯ ಪಾಠವೆಂದು ಓದಿ ಮುಗಿಸುತ್ತೇವೆ. ಆದರೆ ಆ ತೋಟಗಾರ ‘ಸುಮ್ಮನೆ ಬಿಡಿ’ ಎಂದು ಬೇಡಲಿಲ್ಲ. ಸುತ್ತ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಎಂದ. ಅವನು ಕೇಳಿದ್ದು ತನಗೆ ಕೆಲಸ. ಹನ್ನೊಂದು ವರ್ಷ ಗಾಡಿಯನ್ನು ಮಾರದೆ ಇಟ್ಟುಕೊಂಡಿದ್ದೆನೆಂದು ನಾನು ಹೆಮ್ಮೆ ಪಡುತ್ತಿದ್ದೆ. ಅಗೆದಿರಲಿಲ್ಲ.

ಅಗೆಯುವುದು ಹೇಗೆ? ಮೆಕ್ಯಾನಿಕ್ ಅಲ್ಲದವರು ಮಾಡುವ ಮೊದಲ ತಪ್ಪು, ಗೋಣಿಚೀಲ ತೆಗೆದವರೇ ಕಿಕ್ ಹೊಡೆಯುವುದು. ಹಾಗೆ ಮಾಡಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಹಿಡಿದಿರಬಹುದು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ ಎಂಜಿನ್ ಎಣ್ಣೆ ಬಿಟ್ಟು, ಒಂದೆರಡು ದಿನ ಹಾಗೇ ಬಿಡಿ. ಆಮೇಲೆ ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತಿ. ಅದು ತಿರುಗಿದರೆ ದೇವರಿಗೆ ಸ್ತೋತ್ರ. ತಿರುಗದಿದ್ದರೆ ಸುತ್ತಿಗೆ ಹುಡುಕಬೇಡಿ, ಇನ್ನೆರಡು ದಿನ ಬಿಡಿ.

ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ಚೆಲ್ಲಬೇಕು, ಅದು ಅರಗಿನಂತೆ ಅಂಟಾಗಿರುತ್ತದೆ. ಒಳಗೆ ತುಕ್ಕಿದ್ದರೆ ಒಂದು ಮೊಳ ಸಣ್ಣ ಸರಪಳಿಯನ್ನೂ ಸ್ವಲ್ಪ ವಿನೆಗರನ್ನೂ ಹಾಕಿ ಕುಲುಕಿ, ತೊಳೆದು, ಬಿಸಿಲಲ್ಲಿ ಒಣಗಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಆದ್ದರಿಂದ ಪೈಪುಗಳನ್ನು ಹೊಸದಾಗಿ ಹಾಕಿ, ಗಾಡಿಯನ್ನು ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿ ನಿಲ್ಲಿಸಬೇಡಿ. ಕಾರ್ಬುರೇಟರಿನ ಜೆಟ್ಟನ್ನು ತಂತಿಯಿಂದ ಚುಚ್ಚಬಾರದು, ಆ ಸಣ್ಣ ತೂತು ಅಗಲವಾದರೆ ಲೆಕ್ಕವೇ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಸೈಕಲ್ ಪಂಪಿನಿಂದ ಊದಿ. ನಮ್ಮ ಕಡೆ ಆಯುಧಪೂಜೆಗೆ ನೆರೆಹೊರೆಯವರು ಗಾಡಿಗಳನ್ನು ಉಜ್ಜಿ ತೊಳೆದು ಹಾರ ಹಾಕುವುದನ್ನು ನೋಡುತ್ತೇವೆ. ನಾವೂ ಹೊಸ ಗಾಡಿಯನ್ನು ಗುಡಿಯ ಮುಂದೆ ನಿಲ್ಲಿಸಿ ತೀರ್ಥ ಚಿಮುಕಿಸಿಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ತೀರ್ಥದಿಂದ ಜೆಟ್ ತೊಳೆದುಹೋಗುವುದಿಲ್ಲ!

ಕಿಡಿಗೆ ಪಾಯಿಂಟ್ ನೋಡಿ. ಎರಡು ತುದಿಗಳು ಕಪ್ಪಾಗಿದ್ದರೆ ನಯವಾದ ಅರದಿಂದ ಉಜ್ಜಿ, ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿಲಿಮೀಟರ್ ಅಂತರ ಇರಿಸಿ. ಪ್ಲಗ್ಗಿಗೆ ಸುಮಾರು 0.6. ಇವು ಟೂ ಸ್ಟ್ರೋಕ್ ಎಂಜಿನ್‌ಗಳು, ಎಣ್ಣೆ ಪೆಟ್ರೋಲಿನಲ್ಲೇ ಬೆರೆಯಬೇಕು: ಲೀಟರಿಗೆ 40 ಮಿಲಿ. ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಎಂಜಿನ್ ಸತ್ತಂತೆ. ನನ್ನ ಪರಿಚಯದವರೊಬ್ಬರು ಇದನ್ನು ಮರೆತು ನಾಲ್ಕು ಮೈಲಿಯಲ್ಲಿ ಪಿಸ್ಟನ್ ಕಳೆದುಕೊಂಡರು.

ಇಷ್ಟನ್ನು ನಾನು ಮತ್ತು ನನ್ನ ಮಗ ಶನಿವಾರ ಸಂಜೆಗಳಲ್ಲಿ ಮಾಡಿದೆವು. ಮಾತಿಲ್ಲದೆ ಮಾಡಿದೆವು ಎನ್ನುವುದೇ ಸರಿ. ಆ ವರ್ಷ ಅವನಿಗೆ ಪಿಯುಸಿಯಲ್ಲಿ ಎರಡು ವಿಷಯ ಹೋಗಿದ್ದವು. ಒಂದು ಭಾನುವಾರ ಬಲಿಪೂಜೆ ಮುಗಿಸಿ ಬಂದು, ನನ್ನ ತಂಗಿಯ ಮನೆಯವರೆಲ್ಲ ಊಟಕ್ಕೆ ಕುಳಿತಿದ್ದಾಗ, ನಾನು ಅವನನ್ನು ನಾಲಾಯಕ್ ಎಂದಿದ್ದೆ. ಅವನು ತಟ್ಟೆ ಬಿಟ್ಟು ಎದ್ದುಹೋದ. ಅಂದಿನಿಂದ ಹೂಂ, ಊಹೂಂ ಅಷ್ಟೆ. ಸ್ಪ್ಯಾನರ್ ಹಿಡಿಯಲು ಮಾತ್ರ ಬರುತ್ತಿದ್ದ, ಏಕೆಂದರೆ ಅದು ಅಜ್ಜನ ಗಾಡಿ.

ಗಾಡಿ ಚಾಲೂ ಆಯಿತು. ನೀಲಿ ಹೊಗೆ, ಡಬ್ ಡಬ್ ಸದ್ದು, ಓಣಿಯ ಮಕ್ಕಳೆಲ್ಲ ಓಡಿಬಂದರು. ಆದರೆ ಎಕ್ಸಲೇಟರ್ ಬಿಟ್ಟರೂ ಎಂಜಿನ್ ಇಳಿಯದು, ಹುಚ್ಚು ಹಿಡಿದಂತೆ ಕೂಗುತ್ತಿತ್ತು. ನಾನು ಕಾರ್ಬುರೇಟರಿನದೇ ತಪ್ಪೆಂದು ತೀರ್ಮಾನಿಸಿದೆ. ಸ್ಕ್ರೂ ತಿರುಗಿಸಿದೆ, ಸೂಜಿ ಇಳಿಸಿದೆ, ಜೆಟ್ ಬದಲಿಸಿದೆ. ಮೂರು ಶನಿವಾರ ಹೋದವು. ಎರಡನೆಯ ಶನಿವಾರವೇ ಮಗ ಹೇಳಿದ್ದ: “ಅಪ್ಪಾ, ಗಾಳಿ ಬ್ಯಾರೆ ಕಡೆಯಿಂದ ಬರಾಕತ್ತೈತಿ.” ನಾನು ತಲೆ ಎತ್ತಲಿಲ್ಲ. “ನಿನಗೇನ್ ಗೊತ್ತೈತಿ” ಎಂದೆ.

ಅವನಿಗೆ ಗೊತ್ತಿತ್ತು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಆ ಕೋಣೆಯ ಎರಡೂ ಬದಿಗೆ ರಬ್ಬರ್ ಸೀಲುಗಳಿವೆ. ಕ್ಲಚ್ ಬದಿಯ ಸೀಲ್ ಹೋದರೆ ಅಲ್ಲಿಯ ಎಣ್ಣೆ ಒಳಕ್ಕೆ ಸೇರಿ ಬಿಳಿ ಹೊಗೆ ದಟ್ಟವಾಗುತ್ತದೆ. ಡೈನಮೋ ಬದಿಯದು ಹೋದರೆ ಅಲ್ಲಿಂದ ಗಾಳಿ ಕದ್ದು ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ. ಹನ್ನೊಂದು ವರ್ಷ ಒಣಗಿದ ರಬ್ಬರು, ಹೋಗದೆ ಇದ್ದೀತೇ? ಗುರುತುಗಳು ಕಣ್ಣೆದುರೇ ಇದ್ದವು. ಪ್ಲಗ್ ತುದಿ ಸುಣ್ಣದಂತೆ ಬೆಳ್ಳಗಾಗಿತ್ತು, ಡೈನಮೋ ಹಿಂದೆ ಎಣ್ಣೆಪಸೆ ಇತ್ತು. ಕಾರ್ಬುರೇಟರು ನಿರಪರಾಧಿ. ತೆಳು ಮಿಶ್ರಣದಲ್ಲೇ ಏರು ಹತ್ತಿಸಿದ್ದರೆ ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದು, ಓಟದಲ್ಲೇ ಹಿಂದಿನ ಗಾಲಿ ನಿಂತುಬಿಡುತ್ತಿತ್ತು. ಆ ಭಾನುವಾರವೇ ಹೆಂಡತಿಯನ್ನು ಹಿಂದೆ ಕೂಡ್ರಿಸಿಕೊಂಡು ಹೊರಡುವುದೆಂದು ನಾನು ಹೇಳಿಯಾಗಿತ್ತು.

ಮೂರನೆಯ ಶನಿವಾರ ನಾನು ಅಂಗಡಿಗೆ ಹೋಗಿದ್ದಾಗ ಅವನೇ ಡೈನಮೋ ಮುಚ್ಚಳ ಬಿಚ್ಚಿ, ಆ ಪಸೆಯನ್ನು ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಸೀಟಿನ ಮೇಲೆ ಇಟ್ಟು ಒಳಗೆ ಹೋಗಿದ್ದ. ಒಂದು ಮಾತೂ ಆಡಲಿಲ್ಲ. ನಾನು ಬಹಳ ಹೊತ್ತು ಆ ಬಟ್ಟೆ ಹಿಡಿದು ಕುಳಿತಿದ್ದೆ. ತಂದೆಯರು ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬಾರದೆಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಬುದ್ಧಿವಾದವನ್ನು ನಾನು ಗುಡಿಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಅದು ಬೇರೆ ತಂದೆಯರಿಗೆ ಎಂದುಕೊಂಡಿದ್ದೆ.

ಮುಂದಿನ ವಾರ ಪಾಪನಿವೇದನೆಗೆ ಹೋದೆ. ಕೋಪ ಮಾಡಿಕೊಂಡೆ ಎಂದು ನಾನು ಎಂದಿನಂತೆ ಹೇಳಿ ಮುಗಿಸುವುದರಲ್ಲಿದ್ದೆ. ಯಾರ ಮೇಲೆ, ಎಲ್ಲಿ ಎಂದು ಗುರುಗಳು ಕೇಳಿದರು. ಹೇಳಿದೆ. ಆ ಮಾತನ್ನು ಎಲ್ಲಿ ಆಡಿದಿರೋ ಅಲ್ಲಿಯೇ ಹಿಂತೆಗೆದುಕೊಳ್ಳಿ ಎಂದರು. ಇದು ಜಪಸರ ಹೇಳುವಷ್ಟು ಸುಲಭವಾಗಿರಲಿಲ್ಲ. ಹದಿನೈದು ದಿನ ಮುಂದೂಡಿದೆ. ಕೊನೆಗೆ ತಂಗಿಯ ಮನೆಯವರನ್ನು ಮತ್ತೆ ಊಟಕ್ಕೆ ಕರೆದು, ಅದೇ ಪಡಸಾಲೆಯಲ್ಲಿ, “ಅವತ್ತು ನಾ ಅಂದದ್ದು ತಪ್ಪು, ಗಾಡಿ ವಿಷಯದಾಗೂ ಇವನೇ ಖರೆ ಇದ್ದ” ಎಂದೆ. ಅಳಿಯಂದಿರು ಸಾರು ಬಡಿಸಿಕೊಳ್ಳುವುದನ್ನು ನಿಲ್ಲಿಸಿದರು. ಮಗ ತಲೆ ತಗ್ಗಿಸಿ ಊಟ ಮುಂದುವರಿಸಿದ. ಅಪ್ಪಿಕೊಳ್ಳುವುದು, ಅಳುವುದು ಏನೂ ಆಗಲಿಲ್ಲ. ಕೈತೊಳೆದು ಬಂದು ಕೇಳಿದ್ದಿಷ್ಟೇ: “ಸೀಲ್ ತರಾಕ ಹುಬ್ಬಳ್ಳಿಗೆ ಯಾವಾಗ ಹೋಗೂದು?”

ಡೈನಮೋ ಆರ್ಮೇಚರನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬಾರದು, ಅದಕ್ಕೆಂದೇ ಇರುವ ಬೋಲ್ಟ್ ತಿರುಗಿಸಿದರೆ ತಾನೇ ಕಳಚುತ್ತದೆ. ಹೊಸ ಸೀಲಿನ ತುಟಿಗೆ ಸ್ವಲ್ಪ ಗ್ರೀಸ್ ಸವರಿ, ವಾರೆಯಾಗದಂತೆ ಸಮವಾಗಿ ಒತ್ತಿ ಕೂಡ್ರಿಸಬೇಕು. ನಾನು ಕೆಡಿಸಿಟ್ಟಿದ್ದ ಕಾರ್ಬುರೇಟರಿನ ಸೂಜಿ, ಜೆಟ್ ಎಲ್ಲವನ್ನೂ ಮೊದಲಿದ್ದಂತೆ ಜೋಡಿಸುವುದಕ್ಕೇ ಅರ್ಧ ದಿನ ಹಿಡಿಯಿತು. ಆ ಕೆಲಸವನ್ನು ಅವನು ಮಾಡಿದ, ನಾನು ಸ್ಪ್ಯಾನರ್ ಹಿಡಿದೆ.

ನಿಮ್ಮ ಮನೆಯಲ್ಲಿ ಅಂಥ ಗಾಡಿ ಇಲ್ಲದಿರಬಹುದು. ಆದರೂ ಈ ವಾರ ಒಂದು ರಾತ್ರಿ ಜಪಸರದ ನಂತರ ಲೂಕರ ಆ ಭಾಗವನ್ನು ಮಕ್ಕಳ ಕೈಯಲ್ಲೇ ಓದಿಸಿ. ಮರ ಯಾರು, ಒಡೆಯ ಯಾರು ಎಂದು ನೀವು ಹೇಳಬೇಡಿ, ಅವರು ಏನು ಹೇಳುತ್ತಾರೋ ಕೇಳಿ. ನಮ್ಮ ಮನೆಯಲ್ಲಿ ಸಣ್ಣ ಮಗಳು ಗೊಬ್ಬರವೇ ನಾನು ಎಂದಳು. ಏಕೆಂದು ಇನ್ನೂ ತಿಳಿದಿಲ್ಲ.

ಸೀಲ್ ಹಾಕಿದ ಮರುದಿನ ಬೆಳಗಿನ ಬಲಿಪೂಜೆ ಮುಗಿಸಿ ಇಬ್ಬರೂ ದೇವರಗುಡ್ಡದ ಕಡೆ ಹೊರಟೆವು. ಮೈಲಾರಲಿಂಗನ ಆ ಗುಡ್ಡದ ಏರು ನಮ್ಮ ಕಡೆಯ ಎಂಜಿನ್‌ಗಳಿಗೆ ಒಳ್ಳೆಯ ಪರೀಕ್ಷೆ. ನವರಾತ್ರಿಯ ಕಾರ್ಣಿಕಕ್ಕೆ ಜನಸಾಗರ ಸೇರುವ ಜಾಗ, ಆ ದಿನ ಖಾಲಿ ಇತ್ತು. ಮಗ ಓಡಿಸಿದ, ನಾನು ಹಿಂದೆ ಕುಳಿತೆ. ಏರಿನಲ್ಲಿ ಎರಡನೇ ಗೇರಿಗೆ ಇಳಿಸಿದ, ಎಂಜಿನ್ ಸದ್ದು ಒಡೆಯಲಿಲ್ಲ. ಮೇಲೆ ತಲುಪಿದೊಡನೆ ನಿಧಾನಿಸದೆ ಕೀಲಿ ಆರಿಸಿ ನಿಲ್ಲಿಸಿದ, ಹಾಗೆ ಮಾಡಿದರೇ ಪ್ಲಗ್ಗಿನ ಬಣ್ಣ ಸರಿಯಾಗಿ ಓದಲು ಸಿಗುತ್ತದೆ. ಬಟ್ಟೆ ಸುತ್ತಿ ಬಿಸಿ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. ಹುರಿದ ಕಾಫಿಬೀಜದ ಬಣ್ಣ. ನೋಡಿ, ನನ್ನ ಕೈಗೆ ಕೊಟ್ಟ.