ಮಹಾನಗರದ ಕಥನ ಮತ್ತು ಗುಳೆಯ ಬದುಕು: ಕನ್ನಡ ಕಾದಂಬರಿ, ಸಿನಿಮಾಗಳಲ್ಲಿ ಬೆಂಗಳೂರು

ಆಧುನಿಕ ಕನ್ನಡ ಕಥನದಲ್ಲಿ ಮಹಾನಗರದ ಅನುಭವವನ್ನು ಚರ್ಚಿಸುವಾಗ ಮುಂಬಯಿಗೆ ವಿಶೇಷ ಸ್ಥಾನವಿದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿ ಹಾಗೂ ಜಯಂತ ಕಾಯ್ಕಿಣಿಯವರ ಕಥೆಗಳು ಇದಕ್ಕೆ ನಿದರ್ಶನ. ಉತ್ತರ ಕನ್ನಡದ ಕರಾವಳಿಯಿಂದ ಹೋದವರು ತಮ್ಮ ವಲಸೆಯ ಅನುಭವವನ್ನು ತಾವೇ ಬರೆದುಕೊಂಡರು ಎಂಬುದು ಇಲ್ಲಿ ಗಮನಾರ್ಹ. ಅಕ್ಷರದ ಬೆಂಬಲವಿದ್ದ ವಲಸೆ ಸಾಹಿತ್ಯವಾಯಿತು. ಅಕ್ಷರದ ಬೆಂಬಲವಿಲ್ಲದ ವಲಸೆಯ ಗತಿಯೇನು ಎಂಬ ಪ್ರಶ್ನೆ ಇದರ ಬೆನ್ನಿಗೇ ಹುಟ್ಟುತ್ತದೆ.

ಈ ಪ್ರಶ್ನೆಯನ್ನು ಕೊಪ್ಪಳ ಜಿಲ್ಲೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಸೀಮೆಯ ಮರಳಿಯಂತಹ ಊರುಗಳು ಭತ್ತದ ನಾಡು. ನಾಟಿ, ಕೊಯ್ಲುಗಳು ಅಲ್ಲಿ ಕೂಲಿಗೆ ಆಸರೆ. ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾ ಸೀಮೆಯ ಜನ ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡ ಕೆಲಸಗಳಿಗೆ ಗುಳೆ ಹೋಗುತ್ತಾರೆ. ವಲಸೆಗೂ ಗುಳೆಗೂ ವ್ಯತ್ಯಾಸವಿದೆ. ವಲಸೆ ಹೋದವನು ಹೋದಲ್ಲಿ ನೆಲೆಸಬಹುದು. ಗುಳೆ ಹೋದವನು ಬಿತ್ತನೆಗೆ, ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದು ಮತ್ತೆ ಹೋಗುತ್ತಾನೆ. ನಗರ ಅವನಿಗೆ ಋತುಮಾನದ ಬದುಕು.

ಕನ್ನಡದ ಜನಪ್ರಿಯ ಸಿನಿಮಾ ಈ ಹೋಗಿಬರುವ ಚಲನೆಯನ್ನು ಹಿಡಿದದ್ದು ಕಡಿಮೆ. ಪ್ರೇಮ್ ನಿರ್ದೇಶನದ ‘ಜೋಗಿ’ (2005) ಚಿತ್ರದಲ್ಲಿ ಹಳ್ಳಿಯಿಂದ ಬೆಂಗಳೂರಿಗೆ ಬಂದ ಯುವಕ ಭೂಗತಲೋಕಕ್ಕೆ ಸೇರುತ್ತಾನೆ. ಅವನನ್ನು ಹುಡುಕಿಬಂದ ತಾಯಿ ಬದುಕಿರುವಾಗ ಅವನಿಗೆ ಸಿಗುವುದೇ ಇಲ್ಲ. ಇಲ್ಲಿ ನಗರಪ್ರವೇಶವೆಂದರೆ ಹಿಂದಿರುಗಲಾಗದ ಪತನ. ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985) ಬೇರೆ ದಾರಿ ಹಿಡಿಯುತ್ತದೆ. ರಾಜಕಾರಣಿಯೊಬ್ಬನ ಮಗ ಓಡಿಸಿದ ಕಾರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಹರಿಯುತ್ತದೆ. ಆದರೆ ನೆಲೆಯಿಲ್ಲದವರು ತೆರೆಯ ಮುನ್ನೆಲೆಗೆ ಬರುವುದು ಸಾವಿನ ಮೂಲಕ. ಬಳಿಕ ಕಥೆ ಮುಖ್ಯವಾಗಿ ಪತ್ರಕರ್ತನ ಹೋರಾಟದ್ದಾಗುತ್ತದೆ. ಅಧಿಕಾರವನ್ನು ನೇರವಾಗಿ ಪ್ರಶ್ನಿಸಿದ ಈ ಮಹತ್ವದ ಚಿತ್ರದಲ್ಲಿಯೂ ಅವರ ದಿನನಿತ್ಯದ ಬದುಕಿಗೆ ಅವಕಾಶ ಕಿರಿದು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕೃತಿಯು ನಗರವನ್ನು ಬೀದಿಯಿಂದಲ್ಲ, ಮನೆಯೊಳಗಿನಿಂದ ಕಾಣಿಸುತ್ತದೆ. ಇಕ್ಕಟ್ಟಾದ ಮನೆಯಲ್ಲಿದ್ದ ಕುಟುಂಬವು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಸಿರಿವಂತವಾಗಿ ದೊಡ್ಡ ಮನೆಗೆ ಹೋಗುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬಂದಾಗ ಮನೆಯ ಹೆಂಗಸರೇ ಅವಳನ್ನು ಬೈದು ಓಡಿಸುತ್ತಾರೆ. ಅವಳು ಗುಳೆಯವಳಲ್ಲ, ಆದರೆ ಹೊಸ ಸಿರಿಯು ಹೊಸ್ತಿಲನ್ನು ಹೇಗೆ ಕಾಯುತ್ತದೆ ಎಂಬುದನ್ನು ಆ ಸನ್ನಿವೇಶ ತೋರಿಸುತ್ತದೆ. ಹೊರಗಿಡುವ ಕ್ರಿಯೆಯನ್ನೇ ಕಥನದ ವಸ್ತುವಾಗಿಸಿದ್ದು ಈ ಕೃತಿಯ ಶಕ್ತಿ. ಹೊರಗೆ ನಿಂತವಳ ಕಥೆಯನ್ನು ಅದು ಹೇಳುವುದಿಲ್ಲ. ನಿರೂಪಕನಿಗೆ ಆ ಕಥೆ ಗೊತ್ತಿಲ್ಲ ಎಂಬ ಅರಿವನ್ನು ಓದುಗನಲ್ಲಿ ಉಳಿಸುತ್ತದೆ.

ಮಾಧ್ಯಮಗಳ ಭೇದ ಇಲ್ಲಿ ಮುಖ್ಯವಾಗುತ್ತದೆ. ಕಥೆಗಾರ ಬರೆಯದಿದ್ದುದು ಪುಟದಲ್ಲಿ ಇರುವುದಿಲ್ಲ. ಬೀದಿಯಲ್ಲಿ ನಿಂತ ಕ್ಯಾಮರಾ ಮಾತ್ರ ಕಥೆಗೆ ಬೇಡವಾದದ್ದನ್ನೂ ಸೆರೆಹಿಡಿಯುತ್ತದೆ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಚಿತ್ರದಲ್ಲಿ ಡಬಲ್ ರೋಡ್ ಮೇಲ್ಸೇತುವೆಯ ವಿಭಜಕದ ಕಲ್ಲುಗಳನ್ನು ಸವಾರರು ಸರಿಸಿ ಅಡ್ಡದಾರಿ ಮಾಡಿಕೊಳ್ಳುತ್ತಾರೆ. ಸರಿದ ಕಲ್ಲು ಸಾವಿಗೆ ಕಾರಣವಾಗುತ್ತದೆ. ಸೇತುವೆ ಇಲ್ಲಿ ಬರಿಯ ಹಿನ್ನೆಲೆಯಲ್ಲ, ಕಥೆಯ ಕಾರಣವೇ ಆಗಿದೆ. ಹೀಗೆ ರಸ್ತೆ, ಸೇತುವೆಗಳು ಪಾತ್ರಗಳಾದ ಮೇಲೂ ಅವುಗಳನ್ನು ಕಟ್ಟುವ ಕೈಗಳು ಪಾತ್ರಗಳಾಗುವುದು ವಿರಳ.

ಪ್ರತಿಯೊಂದು ಕೃತಿಯೂ ಕೂಲಿಯವರನ್ನು ಚಿತ್ರಿಸಬೇಕೆಂಬ ಆಗ್ರಹ ವಿಮರ್ಶೆಗೆ ತಕ್ಕುದಲ್ಲ. ಇಲ್ಲಿನ ಪ್ರಶ್ನೆ ವಸ್ತುವಿನದಕ್ಕಿಂತ ರೂಪದ್ದು. ಬಂದು ನೆಲೆಸುವ ಅಥವಾ ಬಂದು ಕೆಡುವ ನಾಯಕನ ಸುತ್ತ ಹೆಣೆದ ಕಥನರೂಪಕ್ಕೆ ಗುಳೆಯ ಬದುಕು ಒಗ್ಗುವುದಿಲ್ಲ. ಅದಕ್ಕೆ ಎರಡು ಊರುಗಳನ್ನು ಏಕಕಾಲಕ್ಕೆ ಹಿಡಿಯುವ ನಿರೂಪಣೆ ಬೇಕು: ಬೆಂಗಳೂರಿನ ತಗಡಿನ ಶೆಡ್ಡು ಮತ್ತು ಊರಿನಲ್ಲಿ ಬೀಗ ಬಿದ್ದ ಮನೆ, ಅಲ್ಲಿ ಉಳಿದ ಮುದುಕರು, ಶಾಲೆ ತಪ್ಪಿದ ಮಕ್ಕಳು. ಆದ್ದರಿಂದ ನಗರಸಾಹಿತ್ಯದ ಅಧ್ಯಯನವು ನಗರದೊಳಗೇ ಮುಗಿಯಬಾರದು. ಗುಳೆಯವರ ಮೌಖಿಕ ಕಥನಗಳನ್ನು ಅವರ ಆಡುನುಡಿಯಲ್ಲಿಯೇ ಸಂಗ್ರಹಿಸಿ, ಕಾದಂಬರಿ ಮತ್ತು ಸಿನಿಮಾಗಳ ಜೊತೆಗಿಟ್ಟು ಓದುವ ಕೆಲಸವನ್ನು ಕನ್ನಡ ಸಂಶೋಧನೆ ಕೈಗೆತ್ತಿಕೊಳ್ಳಬೇಕಾಗಿದೆ. ಬೆಂಗಳೂರನ್ನು ಕಟ್ಟಿದವರ ದೃಷ್ಟಿಯಲ್ಲಿ ಬೆಂಗಳೂರು ಹೇಗೆ ಕಾಣುತ್ತದೆ ಎಂಬುದು ಆಗ ಮಾತ್ರ ತಿಳಿಯಲು ಸಾಧ್ಯ.