ಸಂಕೋಲೆಯಿಂದ ಪುಸ್ತಕಕ್ಕೆ: ಫಿಸ್ಕ್ ವಿದ್ಯಾಲಯದ ವೃತ್ತಾಂತ

ಶಾಲೆಯ ವಿಷಯ ಬಂದಾಗ ನಮ್ಮಲ್ಲಿ ಏನೂ ಇಲ್ಲವೆಂಬ ಮಾತು ಮೊದಲು ಹುಟ್ಟುವದುಂಟು. ಏನೂ ಇಲ್ಲದವರು ತಮ್ಮ ವಿದ್ಯಾಲಯವನ್ನು ಹೇಗೆ ಉಳಿಸಿಕೊಂಡರೆಂಬದನ್ನು ಈ ಪಾಠದಲ್ಲಿ ನೋಡೋಣ.

1. ಆರಂಭ. ಅಮೇರಿಕದ ದಕ್ಷಿಣ ಸೀಮೆಯಲ್ಲಿ ಕರಿಯ ಜನರು ಬಹುಕಾಲ ದಾಸರಾಗಿದ್ದರು. ದಾಸರಿಗೆ ಓದು ಕಲಿಸುವದು ಹಲವು ಸಂಸ್ಥಾನಗಳಲ್ಲಿ ಅಪರಾಧವಾಗಿತ್ತು. 1865ರಲ್ಲಿ ದಾಸ್ಯವು ರದ್ದಾಯಿತು. 1866ರ ಜನವರಿ 9ರಂದು ಅಮೇರಿಕನ್ ಮಿಶನೆರಿ ಅಸೋಸಿಯೇಶನಿನವರು ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ ಪಟ್ಟಣದಲ್ಲಿ, ಸೈನ್ಯದ ಹಳೇ ಆಸ್ಪತ್ರೆಯ ಕಟ್ಟಡಗಳಲ್ಲಿ, ಶಾಲೆಯನ್ನು ತೆರೆದರು. ಸಹಾಯ ಮಾಡಿದ ಸೇನಾಪತಿ ಕ್ಲಿಂಟನ್ ಫಿಸ್ಕನ ಹೆಸರು ಅದಕ್ಕೆ ಬಂತು. 7 ವರುಷದ ಮಕ್ಕಳು ಮೊದಲುಗೊಂಡು 70 ವರುಷದ ಮುದುಕರ ವರೆಗೆ ಎಲ್ಲರೂ ಅಕ್ಷರ ಕಲಿಯಲು ಬಂದರು. ದಾಸರನ್ನು ಮಾರುತ್ತಿದ್ದ ಸ್ಥಳದಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಸಂಕೋಲೆಗಳನ್ನು ಅವರು ಹಳೇ ಕಬ್ಬಿಣವಾಗಿ ಮಾರಿ, ಆ ಹಣದಿಂದ ಪುಸ್ತಕಗಳನ್ನು ಕೊಂಡರೆಂದು ವಿದ್ಯಾಲಯದ ಚರಿತ್ರೆಯಲ್ಲಿ ಹೇಳುತ್ತಾರೆ.

2. ಸಂಕಟ. ಐದು ವರುಷಗಳಲ್ಲಿ ಸಾಲವು ಹೆಚ್ಚಿ, ಕಟ್ಟಡಗಳು ಶಿಥಿಲವಾಗಿ, ಶಾಲೆಯು ಮುಚ್ಚುವ ಸ್ಥಿತಿಗೆ ಬಂತು. ಆಗ ಕೋಶಾಧಿಕಾರಿಯಾದ ಜಾರ್ಜ್ ವೈಟನು 1871ರ ಅಕ್ಟೋಬರ್ 6ರಂದು ಒಂಭತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು, ಹಾಡಿ ಹಣ ಕೂಡಿಸುವದಕ್ಕೆ ಹೊರಟನು. ಅವರಲ್ಲಿ ಹೆಚ್ಚಿನವರು ದಾಸ್ಯದಲ್ಲಿ ಹುಟ್ಟಿದವರು. ತಂದೆತಾಯಿಗಳು ಮರೆಯಲ್ಲಿ ಹಾಡುತ್ತಿದ್ದ ಪವಿತ್ರ ಗೀತಗಳನ್ನು ಅನ್ಯರ ಮುಂದೆ ಹಾಡಲು ಅವರು ಮೊದಲು ಹಿಂಜರಿದರು. ಆದರೆ ಆ ಗೀತಗಳೇ ಜನರ ಹೃದಯವನ್ನು ಮುಟ್ಟಿದವು. ಕೆಲವು ಛತ್ರಗಳವರು ಬಣ್ಣದ ನಿಮಿತ್ತ ಅವರಿಗೆ ಸ್ಥಳ ಕೊಡಲಿಲ್ಲ. ಅದೇ ತಿಂಗಳಲ್ಲಿ ಶಿಕಾಗೋ ನಗರವು ಬೆಂಕಿಯಿಂದ ನಾಶವಾದ ಸುದ್ದಿ ಬಂದಾಗ, ತಮ್ಮ ಕೈಗೆ ಸಿಕ್ಕಿದ 50 ಡಾಲರಿಗೂ ಕಡಿಮೆಯಾದ ಹಣವನ್ನು ಅವರು ಅಲ್ಲಿಯ ನಿರಾಶ್ರಿತರಿಗೆ ಕೊಟ್ಟುಬಿಟ್ಟರು. ದಾಸರ ಬಿಡುಗಡೆಯ ವರುಷವನ್ನು ಕುರಿತ ಯಾಜಕಕಾಂಡದ 25ನೇ ಅಧ್ಯಾಯದಿಂದ ಅವರಿಗೆ ಜೂಬಿಲಿ ಗಾಯಕರೆಂಬ ಹೆಸರಾಯಿತು. 1873ರಲ್ಲಿ ಅವರು ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು.

3. ಫಲ. ಅವರು ಕೂಡಿಸಿದ ಹಣದಿಂದ ಕಟ್ಟಿದ ಜೂಬಿಲಿ ಮಂದಿರವು 1876ರಲ್ಲಿ ಪ್ರತಿಷ್ಠೆಯಾಗಿ ಇಂದಿಗೂ ನಿಂತಿದೆ. ವಿದ್ವಾಂಸರಾದ ಡು ಬೊಯ್ಸರು 1888ರಲ್ಲಿ ಇಲ್ಲಿ ಪದವಿ ಹೊಂದಿದರು. ಆದರೂ ಕರಿಯರೊಬ್ಬರು, ಅಂದರೆ ಚಾರ್ಲ್ಸ್ ಜಾನ್ಸನರು, ಇದರ ಅಧ್ಯಕ್ಷರಾಗಲು 1946ರ ವರೆಗೆ ಕಾಯಬೇಕಾಯಿತು. 1960ರಲ್ಲಿ ಇದರ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಭೋಜನದ ಮೇಜುಗಳಲ್ಲಿ ಶಾಂತವಾಗಿ ಕೂತು, ಏಟುಗಳನ್ನು ಸಹಿಸಿ, ಆ ಭೇದವನ್ನು ಮುರಿದರು.

ಆಲೋಚಿಸತಕ್ಕ ಪ್ರಶ್ನೆಗಳು. ಸ್ವಂತ ಶಾಲೆಯು ಸಾಲದಲ್ಲಿರುವಾಗ ಶಿಕಾಗೋದವರಿಗೆ ಕೊಟ್ಟದ್ದು ಸರಿಯೋ? ನಮ್ಮ ಹಿರಿಯರ ಯಾವ ಹಾಡನ್ನು ನಾವು ನಾಚಿಕೆಯಿಂದ ಮರೆಮಾಡಿದ್ದೇವೆ? ನಮ್ಮೂರಲ್ಲಿ ಪುಸ್ತಕವಾಗಬೇಕಾದ ಸಂಕೋಲೆ ಯಾವದು?